ಅಪರವಯಸ್ಕರ ಪರದೇಶವಾಸ: ವಡಗಾವಿಯಿಂದ ಒಂದು ನೋಟ

ಕನ್ನಡ ಪ್ರವಾಸ ಸಾಹಿತ್ಯದ ಚರಿತ್ರೆಯನ್ನು ಬರೆಯುವವರು ವಿ.ಕೃ. ಗೋಕಾಕರ ‘ಸಮುದ್ರದಾಚೆಯಿಂದ’, ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, ಬಿ.ಜಿ.ಎಲ್. ಸ್ವಾಮಿಯವರ ‘ಅಮೆರಿಕದಲ್ಲಿ ನಾನು’ ಮೊದಲಾದ ಕೃತಿಗಳನ್ನು ಆದರದಿಂದ ಚರ್ಚಿಸುತ್ತಾರೆ. ಅನಂತರ ಅಧ್ಯಾಯದ ಕೊನೆಗೆ ಬಂದಾಗ, ವಿದೇಶದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ನಿವೃತ್ತರ ಬರಹಗಳೂ ಈಚೆಗೆ ಹೇರಳವಾಗಿ ಬರುತ್ತಿವೆ ಎಂಬ ಅರ್ಥದ ಒಂದು ವಾಕ್ಯ ಸೇರಿಸಿ ಮುಂದೆ ಸಾಗುತ್ತಾರೆ. ಅಲ್ಲಿ ‘ಹೇರಳವಾಗಿ’ ಎಂಬ ಮಾತೇ ತೀರ್ಪು. ಹೇರಳವಾದದ್ದು ಅಗ್ಗವಾದದ್ದೆಂದು ವಿಮರ್ಶೆ ಭಾವಿಸಿದೆ. ಈ ತೀರ್ಪು ಅರ್ಧ ಸರಿಯಾಗಿದೆ, ಇನ್ನರ್ಧ ತಪ್ಪಾಗಿದೆ. ತಪ್ಪಾದ ಅರ್ಧದಿಂದ ಆಗುತ್ತಿರುವ ನಷ್ಟ ಸಣ್ಣದಲ್ಲ.

ಸರಿಯಾದ ಅರ್ಧವನ್ನು ಮೊದಲು ಒಪ್ಪಿಕೊಳ್ಳಬೇಕು. ಲೇಖಕರೇ ಖರ್ಚು ಹಾಕಿ ಅಚ್ಚು ಮಾಡಿಸಿ, ಬೀಗರು ನೆಂಟರಿಗೆ ಹಂಚುವ ಈ ಪುಸ್ತಕಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ವಿಮಾನದ ಕಿಟಕಿ, ನಯಾಗರ ಜಲಪಾತ, ಸ್ವಾತಂತ್ರ್ಯದೇವಿಯ ಪ್ರತಿಮೆ, ಲಂಡನ್ನಿನ ಗಡಿಯಾರದ ಗೋಪುರ, ರಸ್ತೆಯ ಸ್ವಚ್ಛತೆ, ವಾಹನ ಚಾಲಕರ ಶಿಸ್ತು, ಕೊನೆಗೆ ತಾಯ್ನಾಡಿನ ನೆನಪು. ಮಾಹಿತಿ ಕರಪತ್ರದಲ್ಲಿ ದೊರೆಯುವ ಅಡಿ ಅಂಗುಲಗಳ ಲೆಕ್ಕವನ್ನು ಎಷ್ಟೋ ಪುಟಗಳಲ್ಲಿ ಮತ್ತೆ ಓದಬೇಕಾಗುತ್ತದೆ. ಆರು ತಿಂಗಳು ಪರದೇಶದಲ್ಲಿದ್ದವರು ನಯಾಗರ ನೋಡಿದ್ದು ಒಂದು ಮಧ್ಯಾಹ್ನ. ಉಳಿದ ನೂರೆಪ್ಪತ್ತೊಂಬತ್ತು ದಿನ ಅವರು ಏನು ಮಾಡಿದರು? ಪುಸ್ತಕ ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಕಥನದ ದೋಷ ಇರುವುದು ಇಲ್ಲಿ. ವಿಷಯವೇ ಬಡವಾದದ್ದೆಂದು ವಿಮರ್ಶೆ ತೀರ್ಮಾನಿಸಿತು. ವಿಷಯವನ್ನು ಬಹುಪಾಲು ಲೇಖಕರು ಮುಟ್ಟಿಯೇ ಇಲ್ಲ.

ಮುಟ್ಟಿದವರ ಉದಾಹರಣೆ ಕನ್ನಡದಲ್ಲಿ ಇಲ್ಲವೆಂದಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರ್ 1904ರಲ್ಲಿ ಹುಟ್ಟಿದವರು. ಎಪ್ಪತ್ತು ದಾಟಿದ ಮೇಲೆ ಅಮೆರಿಕಕ್ಕೆ ಹೋಗಿ, ಮಕ್ಕಳ ಮನೆಯ ಆಶ್ರಯದಲ್ಲಿದ್ದು ಆ ದೇಶವನ್ನು ನೋಡಿದರು. ಅವರ ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅವರಿಗಿಂತ ನಾಲ್ಕು ವರ್ಷ ಹಿರಿಯರಾದ ಎ.ಎನ್. ಮೂರ್ತಿರಾಯರು ತಮ್ಮ ಪುಸ್ತಕಕ್ಕೆ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಎಂದು ಹೆಸರಿಟ್ಟರು. ಈ ಎರಡು ಶೀರ್ಷಿಕೆಗಳನ್ನೇ ಗಮನಿಸಬೇಕು. ಒಂದರಲ್ಲಿ ಊರಿನ ಹೆಸರು ದೇಶದ ಹೆಸರಿನ ಒಳಗೆ ಹೋಗಿ ಕುಳಿತಿದೆ. ವ್ಯಕ್ತಿಯ ಹೆಸರೂ ಊರಿನ ಹೆಸರೂ ಒಂದೇ ಆದ್ದರಿಂದ ಅಮೆರಿಕಕ್ಕೆ ಹೋದದ್ದು ಯಾರು ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಇನ್ನೊಂದರಲ್ಲಿ ವಯಸ್ಸು ಮುಂದೆ ಬಂದು ನಿಂತಿದೆ. ಗೋಕಾಕರು ಆಕ್ಸ್‌ಫರ್ಡಿಗೆ ವಿದ್ಯಾರ್ಥಿಯಾಗಿ ಹೋದರು, ಸ್ವಾಮಿಯವರು ಹಾರ್ವರ್ಡಿಗೆ ಸಸ್ಯವಿಜ್ಞಾನಿಯಾಗಿ ಹೋದರು. ಅವರಿಗೆ ಅಲ್ಲಿ ಮಾಡಬೇಕಾದ ಕೆಲಸವಿತ್ತು. ಅಪರವಯಸ್ಕನಿಗೆ ಅಲ್ಲಿ ಕೆಲಸವಿಲ್ಲ, ಇರುವುದೊಂದೇ ಕೆಲಸ. ಗೊರೂರು, ಮೂರ್ತಿರಾಯರಿಬ್ಬರೂ ಪಳಗಿದ ಪ್ರಬಂಧಕಾರರಾಗಿದ್ದರಿಂದ ಈ ಇರುವಿಕೆಯನ್ನೇ ವಸ್ತುವಾಗಿಸಿಕೊಳ್ಳಬಲ್ಲವರಾಗಿದ್ದರು. ಅನಂತರದ ನಾಲ್ಕು ದಶಕಗಳಲ್ಲಿ ಹೊರಟವರ ಸಂಖ್ಯೆ ಬೆಳೆಯಿತು, ಆ ಪ್ರಬಂಧ ಮನೋಧರ್ಮ ಬೆಳೆಯಲಿಲ್ಲ.

ಪ್ರಾಚೀನ ಕನ್ನಡ ಸಾಹಿತ್ಯವನ್ನು ಓದಿದವರಿಗೆ ಈ ಹೊಸ ಯಾತ್ರೆಯಲ್ಲಿ ಒಂದು ವಿಚಿತ್ರ ತಿರುವು ಕಾಣಬೇಕು. ಜೈನ ಕಥಾಪರಂಪರೆಯಲ್ಲಿ ಸಮುದ್ರಯಾನ ಯುವಕರದು. ಹರಿವಂಶದ ಕಥೆಯಲ್ಲಿ ಬರುವ ಚಾರುದತ್ತ ಕಳೆದುಕೊಂಡ ಸಿರಿಯನ್ನು ಮರಳಿ ಗಳಿಸಲು ಕಡಲಿಗೆ ಇಳಿಯುತ್ತಾನೆ. ಮೂರನೆಯ ಮಂಗರಸ ಕನ್ನಡಿಸಿದ ಶ್ರೀಪಾಲನ ಚರಿತೆಯಲ್ಲಿ ನಾಯಕನು ವರ್ತಕ ಧವಳನ ಹಡಗು ಹತ್ತಿ, ಅವನ ದ್ರೋಹದಿಂದ ನೀರಿಗೆ ಬಿದ್ದು, ಬದುಕಿ ಉಳಿದು ಹಿಂತಿರುಗುತ್ತಾನೆ. ಮನೆಯಲ್ಲಿ ಉಳಿದ ವೃದ್ಧರ ಪಾಲಿಗೆ ಕಾಯುವುದಷ್ಟೇ ಬರುತ್ತದೆ. ವೃದ್ಧರಿಗೂ ಯಾತ್ರೆಯುಂಟು, ಆದರೆ ಅದರ ದಿಕ್ಕು ಬೇರೆ. ತಲೆಯಲ್ಲಿ ಒಂದು ನರೆಗೂದಲು ಕಂಡಾಗ, ತಾವರೆಯೊಳಗೆ ಸತ್ತುಬಿದ್ದ ದುಂಬಿ ಕಂಡಾಗ, ನರ್ತಿಸುತ್ತಿದ್ದ ನೀಲಾಂಜನೆ ಕಣ್ಣೆದುರೇ ಇಲ್ಲವಾದಾಗ ರಾಜನು ಮಗನಿಗೆ ಪಟ್ಟಕಟ್ಟಿ ಮನೆ ಬಿಟ್ಟು ಹೊರಡುತ್ತಾನೆ. ಮನೆಯಿಂದ ಕಾಡಿಗೆ ಎನ್ನುವುದೇ ಅಪರವಯಸ್ಸಿನ ನಿಯತ ಮಾರ್ಗ. ಇಂದಿನ ಅಪರವಯಸ್ಕನೂ ನರೆಗೂದಲು ಕಂಡ ಮೇಲೆಯೇ ಹೊರಡುತ್ತಾನೆ. ಆದರೆ ಯುವಕರ ಕಡಲನ್ನು ದಾಟಿ, ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಾನೆ. ಆ ಮನೆಯ ಯಜಮಾನ ಅವನಲ್ಲ. ಬೀಗದ ಕೈ, ಒಲೆಯ ಗುಂಡಿ, ಬಾಗಿಲಿನ ಸಂಕೇತಸಂಖ್ಯೆ ಎಲ್ಲವನ್ನೂ ಮಗನಿಂದ ಇಲ್ಲವೆ ಸೊಸೆಯಿಂದ ಕೇಳಿ ಕಲಿಯಬೇಕು. ಪಟ್ಟಕಟ್ಟಿದ ಮೇಲೆ ಮಗನ ರಾಜ್ಯದಲ್ಲಿ ಅತಿಥಿಯಾಗಿ ಉಳಿದ ತಂದೆಯ ಚಿತ್ರಣ ಹಳಗನ್ನಡ ಕಾವ್ಯದಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಈ ಅನುಭವಕ್ಕೆ ಪರಂಪರೆಯಿಂದ ಸಿದ್ಧವಾದ ಮಾದರಿ ದೊರೆಯಲಿಲ್ಲ. ಆದ್ದರಿಂದಲೇ ಬರೆಯಲು ಕುಳಿತವನ ಕೈ ನಯಾಗರದ ಕಡೆಗೆ ಓಡುತ್ತದೆ.

ಈ ಚರ್ಚೆಗೆ ಬೆಳಗಾವಿಯ ವಡಗಾವಿಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಗರದ ದಕ್ಷಿಣ ಭಾಗದ ಈ ಬಡಾವಣೆ ನೇಕಾರರ ನೆಲೆ. ಶಹಾಪುರ, ಖಾಸಬಾಗಗಳೊಂದಿಗೆ ಸೇರಿ ಸೀರೆಯ ವ್ಯವಹಾರಕ್ಕೆ ಹೆಸರಾದದ್ದು. ಆಷಾಢದ ಮಂಗಾಯಿ ಜಾತ್ರೆಗೆ ಇಡೀ ನಗರವೇ ಇಲ್ಲಿಗೆ ನೆರೆಯುತ್ತದೆ. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಓಣಿಯಲ್ಲಿ ಓಡಾಡುತ್ತವೆ. ಇಂಥ ಓಣಿಗಳಿಂದ ಪರದೇಶಕ್ಕೆ ದಾರಿ ತೆರೆದದ್ದು ಶಿಕ್ಷಣ. 1916ರಲ್ಲಿ ಸ್ಥಾಪಿತವಾದ ಕೆ.ಎಲ್.ಇ. ಸಂಸ್ಥೆ, 1933ರ ಲಿಂಗರಾಜ ಕಾಲೇಜು, 1963ರ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯ, 1979ರ ಗೋಗಟೆ ತಾಂತ್ರಿಕ ಸಂಸ್ಥೆ, 1998ರ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಎಂಬ ಈ ವರ್ಷಗಳ ಸಾಲನ್ನು ನೋಡಿದರೆ ಸಾಕು; ಮಗ್ಗದ ಮನೆಯಿಂದ, ಗದ್ದೆಯ ಮನೆಯಿಂದ, ಶಿಕ್ಷಕರ ಮನೆಯಿಂದ ವೈದ್ಯರೂ ಅಭಿಯಂತರರೂ ಯಾವಾಗ ಹೊರಬರತೊಡಗಿದರೆಂದು ತಿಳಿಯುತ್ತದೆ. 1980, 90ರ ದಶಕಗಳಲ್ಲಿ ಹೊರಟ ಮಕ್ಕಳ ತಂದೆತಾಯಿಗಳು ಇಂದು ಎಪ್ಪತ್ತೈದು, ಎಂಬತ್ತರ ಅಂಚಿನಲ್ಲಿದ್ದಾರೆ.

ಪರದೇಶವೆಂಬುದು ಈ ಸೀಮೆಗೆ ಎಂದೂ ಅಷ್ಟು ದೂರದ್ದಾಗಿರಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಖಾನಾಪುರದವರಿಗೆ 1961ರವರೆಗೆ ಪರದೇಶ ಘಟ್ಟದ ಕೆಳಗೇ ಇತ್ತು. ಲೋಂಡಾದಿಂದ ಮುಂದೆ ಕ್ಯಾಸಲ್‌ರಾಕ್ ದಾಟಿದರೆ ಪೋರ್ಚುಗೀಸರ ಆಡಳಿತ, ಬೇರೆ ನಾಣ್ಯ, ಸುಂಕದ ಕಟ್ಟೆ. 1955ರಲ್ಲಿ ಗಡಿಯ ರೈಲು ನಿಂತಾಗ ಎರಡೂ ಕಡೆ ನೆಂಟಸ್ತನವಿದ್ದ ಮನೆಗಳಿಗೆ ಮಗಳನ್ನು ನೋಡಿಬರುವುದೂ ಪರವಾನಗಿಯ ಮಾತಾಯಿತು. ಇನ್ನೂ ಹಿಂದೆ, ಬೆಳಗಾವಿಯ ಮರಾಠಾ ಪದಾತಿ ದಳದ ಸೈನಿಕರು ಮಹಾಯುದ್ಧಗಳಲ್ಲಿ ಮೆಸೊಪೊಟೇಮಿಯ, ಇಟಲಿಗಳವರೆಗೆ ಹೋಗಿ ಹೋರಾಡಿದರು. ಅವರ ಊರುಗಳಿಗೆ ಪರದೇಶ ಬರುತ್ತಿದ್ದುದು ಪತ್ರವಾಗಿ ಅಥವಾ ತಂತಿಯಾಗಿ. ಇನ್ನೂ ಹಿಂದಕ್ಕೆ ಸರಿದರೆ, ವೇಣುಗ್ರಾಮವೆಂದು ಕರೆಸಿಕೊಳ್ಳುತ್ತಿದ್ದ ಈ ಬೆಳಗಾವಿಯಲ್ಲಿ 1204ರ ಹೊತ್ತಿಗೆ ಲಾಳ ಮತ್ತು ಮಲೆಯಾಳ ದೇಶಗಳ ವರ್ತಕರು ವ್ಯವಹರಿಸುತ್ತಿದ್ದುದಕ್ಕೆ ಶಾಸನದ ಆಧಾರವಿದೆ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ ಬೀಚಿರಾಜನು ಕಟ್ಟಿಸಿದ ರಟ್ಟಜಿನಾಲಯಕ್ಕೆ ದೊರೆತ ದಾನಗಳನ್ನು ಹೇಳುವ ಆ ಎರಡು ಕಲ್ಲುಗಳು ಇಂದು ಬೆಳಗಾವಿಯ ಕೋಟೆಯಲ್ಲಿಲ್ಲ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಸಂಗ್ರಹದಲ್ಲಿವೆ. ಎಲ್.ಡಿ. ಬಾರ್ನೆಟ್ ಅವನ್ನು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಸಂಪಾದಿಸಿದರು. ಬೆಳಗಾವಿಯ ಅಭಿಯಂತರರಿಗಿಂತ ಮೊದಲೇ ಬೆಳಗಾವಿಯ ಕನ್ನಡ ಕಡಲು ದಾಟಿತ್ತೆಂದಾಯಿತು. ಲಂಡನ್ನಿಗೆ ಹೋಗಿಬಂದ ಬೆಳಗಾವಿಯವರ ಬರಹಗಳಲ್ಲಿ ಕೊಹಿನೂರಿನ ವಜ್ರಕ್ಕೆ ಸಿಗುವ ನಿಟ್ಟುಸಿರು ಈ ಕಲ್ಲುಗಳಿಗೆ ಸಿಗದಿರುವುದು ಅಧ್ಯಾಪಕ ವರ್ಗಕ್ಕೆ ನಾಚಿಕೆಯ ಸಂಗತಿ. ಹೇಳದಿದ್ದರೆ ಯಾರಾದರೂ ಹೇಗೆ ಹುಡುಕಿಯಾರು?

ಈಗ ಆ ನೂರೆಪ್ಪತ್ತೊಂಬತ್ತು ದಿನಗಳ ಮಾತು. ವಡಗಾವಿಯಿಂದ ಹೊರಡುವ ಒಬ್ಬ ನಿವೃತ್ತ ಶಿಕ್ಷಕನನ್ನೂ ಅವನ ಪತ್ನಿಯನ್ನೂ ಊಹಿಸಿಕೊಳ್ಳಬಹುದು, ಇಂಥವರು ಒಬ್ಬಿಬ್ಬರಲ್ಲ. ಸಾಂಬ್ರಾದ ವಿಮಾನ ನಿಲ್ದಾಣದಿಂದ ನೇರವಾಗಿ ಪರದೇಶಕ್ಕೆ ಹಾರಾಟವಿಲ್ಲ. ಮುಂಬಯಿಗೋ ಬೆಂಗಳೂರಿಗೋ ಗೋವೆಗೋ ಹೋಗಬೇಕು. ಅದಕ್ಕೂ ಮೊದಲು ಪೆಟ್ಟಿಗೆಯ ತೂಕ. ಸ್ನಾನದ ಮನೆಯ ತೂಕದ ಯಂತ್ರದ ಮೇಲೆ ಪೆಟ್ಟಿಗೆಯನ್ನಿಟ್ಟು, ಶೇಂಗಾ ಚಟ್ನಿ ತೆಗೆದು ಮಸಾಲೆ ಖಾರ ಸೇರಿಸಿ, ಮಸಾಲೆ ಖಾರ ತೆಗೆದು ಕುಂದಾ ಸೇರಿಸಿ ನಡೆಯುವ ಆ ಲೆಕ್ಕಾಚಾರದಲ್ಲಿ ಒಂದು ಮನೆತನದ ಪ್ರೀತಿಯ ಕ್ರಮಾನುಗತಿಯೇ ಅಡಗಿದೆ: ಮಗನಿಗೆ ಯಾವುದು, ಸೊಸೆಗೆ ಯಾವುದು, ಮೊಮ್ಮಗಳು ತಿನ್ನುವಳೋ ಇಲ್ಲವೋ. ಕಿಲೋಗ್ರಾಂ ಮಿತಿಯೊಳಗೆ ಏನು ಉಳಿಯಿತು, ಏನು ಹೊರಗೆ ಬಿದ್ದಿತು ಎಂಬ ಒಂದು ಪಟ್ಟಿ ಸಿಕ್ಕರೆ ಸಂಶೋಧಕನಿಗೆ ಅದು ಜಲಪಾತದ ಎತ್ತರಕ್ಕಿಂತ ಎಷ್ಟೋ ಉಪಯುಕ್ತ.

ಅಲ್ಲಿ ತಲುಪಿದ ಮೇಲೆ ಮೊದಲು ಎದುರಾಗುವುದು ನಿಶ್ಶಬ್ದ. ವಡಗಾವಿಯವರ ಕಿವಿ ಬೆಳಗಿನಿಂದ ವಿದ್ಯುತ್ ಮಗ್ಗದ ಸದ್ದಿಗೆ ಒಗ್ಗಿದ್ದು; ಮಗ್ಗ ನಿಂತರೆ ವಿದ್ಯುತ್ ಹೋಯಿತೆಂದು ತಿಳಿಯುವ ಕಿವಿ ಅದು. ಅಮೆರಿಕದ ಉಪನಗರದಲ್ಲಿ ಮಗ ಸೊಸೆ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಕೇಳುವುದು ಶೀತಕದ ಗುಂಯ್ಗುಡುವಿಕೆ ಮಾತ್ರ. ಬೀದಿಯಲ್ಲಿ ಮನುಷ್ಯರಿಲ್ಲ. ಕಾರಿಲ್ಲದೆ ಎಲ್ಲಿಗೂ ಹೋಗಲಾಗದ ಊರಿನಲ್ಲಿ, ಅರವತ್ತು ವರ್ಷ ಕಾಲುನಡಿಗೆಯಲ್ಲಿ, ಸೈಕಲ್ಲಿನಲ್ಲಿ ಸ್ವತಂತ್ರನಾಗಿದ್ದವನು ಮಗುವಿನಂತೆ ಇನ್ನೊಬ್ಬರ ಬಿಡುವಿಗೆ ಕಾಯಬೇಕಾಗುತ್ತದೆ. ಬೆಳಗಾವಿಗೆ ಮಾತಾಡೋಣವೆಂದರೆ ಅಲ್ಲಿ ಮಧ್ಯರಾತ್ರಿ. ನ್ಯೂಯಾರ್ಕಿಗೂ ಭಾರತಕ್ಕೂ ಚಳಿಗಾಲದಲ್ಲಿ ಹತ್ತೂವರೆ ಗಂಟೆ, ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆಗಳ ಅಂತರ. ವರ್ಷಕ್ಕೆ ಎರಡು ಸಲ ಗಡಿಯಾರವನ್ನೇ ಹಿಂದೆ ಮುಂದೆ ಮಾಡುವ ಪದ್ಧತಿ ಪಂಚಾಂಗ ನೋಡಿ ಬೆಳೆದವರಿಗೆ ಕೊನೆಯವರೆಗೂ ಒಪ್ಪಿಗೆಯಾಗುವುದಿಲ್ಲ.

ಸೂರ್ಯನ ವಿಷಯವಂತೂ ಜೈನ ಮನೆತನದ ಹಿರಿಯರಿಗೆ ನಿತ್ಯದ ಸಮಸ್ಯೆ. ಸೂರ್ಯಾಸ್ತದ ನಂತರ ಉಣ್ಣದ ನಿಯಮವನ್ನು ಬೆಳಗಾವಿಯ ಅಕ್ಷಾಂಶದಲ್ಲಿ ಪಾಲಿಸುವುದು ಸುಲಭ. ವರ್ಷದುದ್ದಕ್ಕೂ ಸೂರ್ಯ ಹೆಚ್ಚುಕಡಮೆ ಆರರಿಂದ ಏಳರ ನಡುವೆ ಮುಳುಗುತ್ತಾನೆ. ಲಂಡನ್ನಿನಲ್ಲಿ ಜೂನ್ ಕೊನೆಗೆ ಸೂರ್ಯಾಸ್ತ ರಾತ್ರಿ ಒಂಬತ್ತೂ ಇಪ್ಪತ್ತರ ಸುಮಾರಿಗೆ. ಡಿಸೆಂಬರಿನಲ್ಲಿ ನಾಲ್ಕಕ್ಕೂ ಮೊದಲು. ಬೇಸಿಗೆಯಲ್ಲಿ ನಿಯಮ ಮನೆಯವರೊಡನೆ ಕೂತು ಉಣ್ಣಲು ಅಡ್ಡಿಯಾಗುವುದಿಲ್ಲ. ಚಳಿಗಾಲದಲ್ಲಿ ಮಗ ಕಚೇರಿಯಿಂದ ಬರುವ ಮೊದಲೇ, ಮೊಮ್ಮಕ್ಕಳು ಶಾಲೆಯಿಂದ ಬಂದ ಹೊತ್ತಿಗೇ ಊಟ ಮುಗಿದಿರಬೇಕು. ಇಡೀ ಮನೆ ಒಟ್ಟಿಗೆ ಸೇರುವ ಒಂದೇ ಊಟಕ್ಕೆ ವ್ರತಸ್ಥನು ಪ್ರೇಕ್ಷಕ. ಗಡಿಯಾರವನ್ನು ಅನುಸರಿಸಿ ಬೆಳಗಾವಿಯ ಆರೂವರೆಯನ್ನೇ ಸೂರ್ಯಾಸ್ತವೆಂದು ಇಟ್ಟುಕೊಳ್ಳಬಹುದೇ? ಅಥವಾ ಕಣ್ಣಿಗೆ ಕಾಣುವ ಸೂರ್ಯನೇ ಪ್ರಮಾಣವೇ? ನಿಯಮದ ಮೂಲ ಆಶಯ ಕತ್ತಲಲ್ಲಿ ಜೀವಹಿಂಸೆಯಾಗಬಾರದೆಂಬುದಾದರೆ ವಿದ್ಯುದ್ದೀಪದ ಅಡುಗೆಮನೆಯಲ್ಲಿ ಅದರ ಅರ್ಥವೇನು? ಇಂಥ ಪ್ರಶ್ನೆಗಳಿಗೆ ಪ್ರತಿಯೊಂದು ಮನೆಯೂ ತನ್ನದೇ ಉತ್ತರ ಕಂಡುಕೊಂಡಿದೆ. ಶ್ರಾವಕಾಚಾರದ ಇತಿಹಾಸದಲ್ಲಿ ಇದೊಂದು ಹೊಸ ಅಧ್ಯಾಯ. ಬರೆದಿಟ್ಟವರು ಮಾತ್ರ ವಿರಳ.

ಆಹಾರದ ಜೊತೆಗೆ ದೇವಾಲಯವೂ ಬರುತ್ತದೆ. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಹಳೆಯ ಚರ್ಚಿನ ಕಟ್ಟಡವೊಂದನ್ನು ಜೈನ ಕೇಂದ್ರವಾಗಿ ಮಾರ್ಪಡಿಸಿದ್ದು, ಶ್ವೇತಾಂಬರ, ದಿಗಂಬರ, ಸ್ಥಾನಕವಾಸಿ ಆರಾಧನೆಗಳಿಗೆ ಒಂದೇ ಸೂರಿನ ಕೆಳಗೆ ಎಡೆಯಿದೆ. ಊರಿನಲ್ಲಿ ಹೀಗೆ ಕಾಣಸಿಗುವುದು ಅಪರೂಪ. ಆದರೆ ಅಲ್ಲಿಗೆ ಹೋದ ಬೆಳಗಾವಿಯ ಕನ್ನಡ ದಿಗಂಬರ ಹಿರಿಯನು ಗುಜರಾತಿ ಮಾತಿನ ನಡುವೆ ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತ. ಅವರ ಪರ್ಯುಷಣ ಮುಗಿಯುವ ಹೊತ್ತಿಗೆ ಇವರ ದಶಲಕ್ಷಣ ಪರ್ವ ಆರಂಭವಾಗುತ್ತದೆ. ಭಾದ್ರಪದದಲ್ಲಿ ಪಂಚಾಮೃತಾಭಿಷೇಕದ ಕನ್ನಡ ಹಾಡು ಕೇಳಿ ಬೆಳೆದವರು ಅಲ್ಲಿ ಹಿಂದಿ ಪೂಜಾಪಾಠಕ್ಕೆ ತುಟಿಯಾಡಿಸಬೇಕು.

ಕದಂಬ ರವಿವರ್ಮನ ಹಲಸಿ ತಾಮ್ರಶಾಸನ ಇಲ್ಲಿ ನೆನಪಿಗೆ ಬರುತ್ತದೆ. ಖಾನಾಪುರ ತಾಲ್ಲೂಕಿನ ಹಲಸಿ ಅಂದಿನ ಪಲಾಶಿಕೆ. ಅಲ್ಲಿ ಮಳೆಗಾಲದ ನಾಲ್ಕು ತಿಂಗಳು ನೆಲೆನಿಲ್ಲುವ ಯತಿಗಳ ಆಹಾರಕ್ಕೆ ಅರಸನು ವ್ಯವಸ್ಥೆ ಮಾಡಿದನು. ಅಲೆಮಾರಿಗೆ ನಾಲ್ಕು ತಿಂಗಳ ನಿಲುಗಡೆ, ಉಳಿದ ಎಂಟು ತಿಂಗಳ ವಿಹಾರ. ಇಂದು ಅಮೆರಿಕವೂ ಬ್ರಿಟನ್ನೂ ಸಾಮಾನ್ಯವಾಗಿ ಸಂದರ್ಶಕರಿಗೆ ಒಂದು ಭೇಟಿಯಲ್ಲಿ ಆರು ತಿಂಗಳವರೆಗೆ ಇರಗೊಡುತ್ತವೆ. ಕೆನಡಾ 2011ರ ಕೊನೆಯಲ್ಲಿ ತಂದೆತಾಯಿಗಳಿಗೆಂದೇ ‘ಸೂಪರ್ ವೀಸಾ’ ಆರಂಭಿಸಿ, ಮೊದಲು ಎರಡು ವರ್ಷದ, 2022ರಿಂದ ಐದು ವರ್ಷದ ನಿರಂತರ ವಾಸಕ್ಕೆ ಅವಕಾಶ ಕೊಟ್ಟಿದೆ. ಆಸ್ಟ್ರೇಲಿಯಕ್ಕೆ ಹೋದವರಿಗೆ ಚಾತುರ್ಮಾಸದ ಆಷಾಢ ಶ್ರಾವಣಗಳು ಕೊರೆಯುವ ಚಳಿಯಲ್ಲಿ ಬರುತ್ತವೆ. ಯತಿಗೆ ನಿಂತಲ್ಲಿ ಗೌರವವಿತ್ತು, ಕೇಳುವವರಿದ್ದರು, ಹೇಳಬೇಕಾದ ಧರ್ಮವಿತ್ತು. ಈ ಆರು ತಿಂಗಳ ವಾಸಿಗೆ ಹೇಳುವುದು ಬಹಳಿದೆ, ಕೇಳುವವರು ಶನಿವಾರ ಭಾನುವಾರ ಮಾತ್ರ ಮನೆಯಲ್ಲಿರುತ್ತಾರೆ.

ಮನೆಯೊಳಗಿನ ಭಾಷೆ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಮೊಮ್ಮಗುವಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಅಜ್ಜನಿಗೆ ಇಂಗ್ಲಿಷ್ ಓದಲು ಬರುತ್ತದೆ, ಮಗುವಿನ ಉಚ್ಚಾರಣೆ ತಿಳಿಯುವುದಿಲ್ಲ. ಹೀಗೆ ಇಬ್ಬರೂ ತಮಗೆ ಬಾರದ ಭಾಷೆಯನ್ನು ಕೇಳುತ್ತ, ಬರುವ ಭಾಷೆಯಲ್ಲಿ ಹೇಳುತ್ತ ಸಂಭಾಷಣೆ ಸಾಗಿಸುತ್ತಾರೆ. ಬೆಳಗಾವಿಯವರಿಗೆ ಈ ಸ್ಥಿತಿ ಪೂರ್ತಿ ಹೊಸದಲ್ಲ. ವಡಗಾವಿಯ ಅಂಗಡಿಯಲ್ಲಿ ಗಿರಾಕಿ ಕನ್ನಡದಲ್ಲಿ ಕೇಳಿ ಮಾಲೀಕ ಮರಾಠಿಯಲ್ಲಿ ಬೆಲೆ ಹೇಳುವುದು ದಿನನಿತ್ಯದ ನೋಟ. ಯಾರೂ ಅದನ್ನು ಕೊರತೆಯೆಂದು ಎಣಿಸುವುದಿಲ್ಲ. ಈ ದ್ವಿಭಾಷಾ ಸೈರಣೆ ಪರದೇಶದಲ್ಲಿ ಒಂದು ಬಂಡವಾಳ. ಮೈಸೂರು ಕಡೆಯ ಹಿರಿಯರು ಮೊಮ್ಮಕ್ಕಳ ಇಂಗ್ಲಿಷಿಗೆ ಮರುಗಿದಷ್ಟು ಗಡಿಭಾಗದ ಹಿರಿಯರು ಮರುಗುವುದಿಲ್ಲವೆಂದು ಊಹಿಸಲು ಅವಕಾಶವಿದೆ. ಸಂಶೋಧನೆಯಿಂದ ಪರೀಕ್ಷಿಸಬೇಕಾದ ಊಹೆ ಇದು. ಉದ್ಯಾನದ ಬೆಂಚಿನ ಮೇಲೆ ಬೆಳಗಾವಿಯ ಕನ್ನಡಿಗನಿಗೆ ಬೆಳಗಾವಿಯ ಮರಾಠಿಗ ಸಿಕ್ಕರೆ ಅವರಿಬ್ಬರೂ ಶಹಾಪುರದ ತಿಂಡಿಯ ಬಗ್ಗೆ, ಯಳ್ಳೂರಿನ ಕೋಟೆಯ ಬಗ್ಗೆ ಮಾತಾಡುತ್ತಾರೆಯೇ ಹೊರತು ಮಹಾಜನ ವರದಿಯ ಬಗ್ಗೆ ಅಲ್ಲ. ಊರಿಗೆ ಮರಳಿದ ಮೇಲೆ ಆ ಸ್ನೇಹ ಎಷ್ಟು ದಿನ ಬಾಳುತ್ತದೆಂಬುದು ಇನ್ನೊಂದು ಪ್ರಶ್ನೆ, ಬಹುಶಃ ಕೇಳಬಾರದ ಪ್ರಶ್ನೆ.

ಇಷ್ಟರವರೆಗೆ ಹೇಳಿದ್ದು ಬಹುಮಟ್ಟಿಗೆ ಗಂಡಸಿನ ಅನುಭವ, ಏಕೆಂದರೆ ಬರೆದವರಲ್ಲಿ ಬಹುಪಾಲು ಗಂಡಸರೇ. ಹೆಂಡತಿ ಅಲ್ಲಿ ಪ್ರವಾಸಿಯಾಗಿರಲಿಲ್ಲ. ಅವಳು ಹೋದದ್ದು ಬಾಣಂತನಕ್ಕೆ. ಮೊದಲ ಆರು ತಿಂಗಳು ಮಗಳ ತಾಯಿ, ಮುಂದಿನ ಆರು ತಿಂಗಳು ಅಳಿಯನ ತಾಯಿ. ಬೀಗತಿಯರಿಬ್ಬರ ಈ ಪಾಳಿ ವಡಗಾವಿಯ ಮಗ್ಗದ ಪಾಳಿಯಷ್ಟೇ ಕಟ್ಟುನಿಟ್ಟಾದದ್ದು. ಎಣ್ಣೆ ನೀರು, ಅಂಟಿನ ಉಂಡೆ, ಶೇಕ ಹಾಕಲು ಕೆಂಡವಿಲ್ಲದ ಮನೆಯಲ್ಲಿ ಶೇಕಕ್ಕೆ ಬದಲಿ ವ್ಯವಸ್ಥೆ, ಹೊಗೆಯ ಎಚ್ಚರಿಕೆ ಗಂಟೆ ಕೂಗದಂತೆ ಲೋಬಾನ ಹಾಕುವ ಉಪಾಯ, ಹಾಲು ಕುಡಿಸುವ ಗಂಟೆಯ ಬಗ್ಗೆ ಅಲ್ಲಿನ ದಾದಿಯ ಸೂಚನೆಗೂ ತನ್ನ ತಾಯಿಯಿಂದ ಕಲಿತದ್ದಕ್ಕೂ ನಡುವೆ ರಾಜಿ ಇವೆಲ್ಲ ಅವಳ ಜ್ಞಾನ. ಮೂರನೆಯ ಮಂಗರಸ ಹದಿನಾರನೆಯ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ ಬರೆದು ಅಡುಗೆಯನ್ನು ಷಟ್ಪದಿಗೆ ತಂದನು. ಪಾಕವು ಕಾವ್ಯಕ್ಕೆ ತಕ್ಕ ವಸ್ತುವೆಂದು ಕನ್ನಡ ಐನೂರು ವರ್ಷಗಳ ಹಿಂದೆಯೇ ಒಪ್ಪಿದೆ. ಆದರೂ ಪರದೇಶದ ಅಡುಗೆಮನೆಯಲ್ಲಿ ಆರು ತಿಂಗಳು ನಿಂತ ತಾಯಿಯ ಮಾತು ಗಂಡನ ಪ್ರವಾಸ ಕಥನದಲ್ಲಿ ‘ಶ್ರೀಮತಿಯವರು ಜೊತೆಗಿದ್ದರು’ ಎಂಬ ಒಂದು ಸಾಲಾಗಿ ಉಳಿಯುತ್ತದೆ. ಗಂಡನು ಗ್ರಂಥಾಲಯಕ್ಕೆ ಹೋಗಿಬಂದ ವಿವರ ಐದು ಪುಟ. ಈ ಅಸಮತೆ ಆ ಗಂಡಂದಿರ ದುರುದ್ದೇಶದಿಂದ ಬಂದದ್ದಲ್ಲ. ಪ್ರವಾಸವೆಂದರೆ ನೋಡುವುದು, ದುಡಿಯುವುದಲ್ಲ ಎಂಬ ಸಾಹಿತ್ಯಿಕ ಕಲ್ಪನೆಯಿಂದ ಬಂದದ್ದು. ಆ ಕಲ್ಪನೆಯನ್ನು ಕಲಿಸಿದ್ದು ಪಠ್ಯಪುಸ್ತಕ.

ಬರೆಯದಿರುವುದಕ್ಕೆ ಬೇರೆ ಕಾರಣಗಳೂ ಇವೆ, ಅವನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಪ್ರವಾಸ ಕಥನವನ್ನು ಮೊದಲು ಓದುವವರು ಮಗನೂ ಬೀಗರೂ. ಮಗನ ಖರ್ಚಿನಲ್ಲಿ ಹೋಗಿ, ಮಗನ ಮನೆಯಲ್ಲಿದ್ದು, ಹಲವು ವೇಳೆ ಮಗನ ಹಣದಿಂದಲೇ ಅಚ್ಚಾಗುವ ಪುಸ್ತಕದಲ್ಲಿ ಒಂಟಿತನವೆಂಬ ಮಾತು ಬರೆಯುವುದು ಹೇಗೆ? ರಕ್ತದೊತ್ತಡದ ಗುಳಿಗೆ ಮುಗಿದಾಗ ಸಂದರ್ಶಕರ ವಿಮೆ ಹಳೆಯ ಕಾಯಿಲೆಗೆ ಒದಗುವುದಿಲ್ಲವೆಂದು ತಿಳಿದು, ಎದೆನೋವನ್ನು ಮಗನಿಗೆ ಹೇಳದೆ ರಾತ್ರಿ ಕಳೆದವರು ಅದನ್ನು ಅಚ್ಚಿನಲ್ಲಿ ಹೇಳುವರೇ? ಆ ದೇಶದಲ್ಲಿ ವೈದ್ಯನಾಗಿರುವ ಮಗನ ತಂದೆಯೂ ಹೀಗೆ ಮುಚ್ಚಿಟ್ಟದ್ದುಂಟೆಂದರೆ ಆಶ್ಚರ್ಯಪಡಬೇಕಾಗಿಲ್ಲ. ಹೊರೆಯಾಗಬಾರದೆಂಬ ಭಯ ವಿಮೆಯ ಷರತ್ತಿಗಿಂತ ಬಲವಾದದ್ದು. ಮಗನ ಮಾನ, ಊರಿನ ದೃಷ್ಟಿ, ತಮ್ಮದೇ ಹೆಮ್ಮೆ ಈ ಮೂರೂ ಸೇರಿ ಕಥನವನ್ನು ಕಣ್ಣಿಗೆ ಕಾಣುವ ಅದ್ಭುತಗಳ ಕಡೆಗೆ ತಳ್ಳುತ್ತವೆ. ನಯಾಗರದ ಬಗ್ಗೆ ಬರೆದರೆ ಯಾರ ಮನಸ್ಸೂ ನೋಯುವುದಿಲ್ಲ.

ಬೆಳಗಾವಿಯ ಜೈನ ಮನೆತನಗಳ ಒಳಬದುಕನ್ನು ಹಾಗೆ ನೋಯಿಸುವ ಧೈರ್ಯದಿಂದ ಬರೆದವರು ಹಿಂದೆ ಇದ್ದರು. ಶೇಡಬಾಳದ ಮಿರ್ಜಿ ಅಣ್ಣಾರಾಯರು ‘ನಿಸರ್ಗ’ ಕಾದಂಬರಿಯಲ್ಲಿ ತಮ್ಮದೇ ಸಮಾಜದ ಒಕ್ಕಲು ಮನೆಯನ್ನು, ಅಲ್ಲಿನ ಮಾತನ್ನು, ದಾಂಪತ್ಯದ ಬಿರುಕನ್ನು ಮರೆಮಾಚದೆ ಚಿತ್ರಿಸಿದರು. ಅದು ಕಾದಂಬರಿಯಾದ್ದರಿಂದ ಸಾಧ್ಯವಾಯಿತೆಂದು ಹೇಳಬಹುದು. ಹಾಗಿದ್ದರೆ ಪರದೇಶವಾಸದ ಅನುಭವವೂ ಕಾದಂಬರಿಗೆ, ಸಣ್ಣಕಥೆಗೆ ಹೋಗಬೇಕಾದೀತು. ಪ್ರವಾಸ ಕಥನವೆಂಬ ಪ್ರಕಾರವೇ ಇದಕ್ಕೆ ಇಕ್ಕಟ್ಟಾಗಿರಬಹುದು. ಮೂರ್ತಿರಾಯರೂ ಗೊರೂರರೂ ಗೆದ್ದದ್ದು ಪ್ರವಾಸಿಗರಾಗಿ ಅಲ್ಲ, ಲಲಿತಪ್ರಬಂಧಕಾರರಾಗಿ ಎಂಬುದು ಈ ಅನುಮಾನವನ್ನು ಬಲಪಡಿಸುತ್ತದೆ.

ಆದರೆ ಎಲ್ಲರೂ ಸಾಹಿತಿಗಳಾಗಬೇಕೆಂಬ ಹಟ ಬೇಕಾಗಿಲ್ಲ. ಅಚ್ಚಾದ ಪುಸ್ತಕಕ್ಕಿಂತ ಅಚ್ಚಾಗದ ಬರಹವೇ ಇಲ್ಲಿ ಹೆಚ್ಚು ಮುಖ್ಯ. ನಿವೃತ್ತ ಶಿಕ್ಷಕರು, ಅಂಚೆ ನೌಕರರು, ಬ್ಯಾಂಕಿನವರು ಜೀವನಪೂರ್ತಿ ದಿನಚರಿ ಬರೆದ ಪೀಳಿಗೆಯವರು. ಅವರ ಪರದೇಶದ ಆರು ತಿಂಗಳೂ ಆ ದಿನಚರಿಯಲ್ಲಿದೆ: ಎಷ್ಟು ಗಂಟೆಗೆ ಎದ್ದದ್ದು, ಹಿಮ ಬಿದ್ದದ್ದು, ರೊಟ್ಟಿಗೆ ತಂದ ಜೋಳದ ಹಿಟ್ಟಿನ ಬೆಲೆಯನ್ನು ರೂಪಾಯಿಗೆ ಗುಣಿಸಿದ್ದು, ಯಾರೊಡನೆಯೂ ಮಾತಾಡದ ದಿನ ಏನೂ ಬರೆಯದೆ ತಾರೀಖು ಮಾತ್ರ ಹಾಕಿದ್ದು. ಅಂಥ ಖಾಲಿ ಪುಟಕ್ಕಿರುವ 자리 ಯಾವ ಮುದ್ರಿತ ಕಥನದಲ್ಲೂ ಇಲ್ಲ. ಪತ್ರಗಳ ಕಾಲ ಮುಗಿದು ವಾಟ್ಸ್‌ಆ್ಯಪ್ ಕರೆಗಳ ಕಾಲ ಬಂದ ಮೇಲೆ ಲಿಖಿತವಾಗಿ ಉಳಿಯುವುದೂ ಇಷ್ಟೇ. ಈ ಪುಸ್ತಕಗಳ ವಾರಸುದಾರರು ಯಾರು? ವಡಗಾವಿಯ ಮನೆಯನ್ನು ಮಾರಲು ಒಂದು ವಾರದ ರಜೆಯಲ್ಲಿ ಬರುವ ಮಗ, ಮತ್ತು ಕನ್ನಡ ಲಿಪಿಯನ್ನು ಓದಲಾರದ ಮೊಮ್ಮಕ್ಕಳು. ಮೊಮ್ಮಗಳ ಮೊದಲ ಹೆಜ್ಜೆಯ ತಾರೀಖು ಯಾವ ಪುಟದಲ್ಲಿದೆಯೋ ಆ ಪುಟವನ್ನು ಮೊಮ್ಮಗಳೇ ಓದಲಾರಳು. ಮೂಡಬಿದಿರೆಯ ಧವಲ ಗ್ರಂಥಗಳನ್ನು ಶತಮಾನಗಳ ಕಾಲ ಓದಲಾರದವರೂ ಪೂಜಿಸಿ ಕಾಪಾಡಿದರು. ಓದಲು ಬಲ್ಲವರು ಒಂದು ದಿನ ಬಂದರು. ಅಜ್ಜನ ದಿನಚರಿಗೆ ಅಂಥ ಪೂಜೆ ಇಲ್ಲ. ಅದು ರದ್ದಿಯ ತಕ್ಕಡಿಗೆ ಹೋಗುತ್ತದೆ.

ಆದ್ದರಿಂದ ಬೆಳಗಾವಿಯ ಕನ್ನಡ ವಿಭಾಗಗಳು, ಸ್ನಾತಕೋತ್ತರ ಕೇಂದ್ರಗಳು ತಡಮಾಡದೆ ಒಂದು ಕೆಲಸ ಮಾಡಬೇಕಾಗಿದೆ. ಪಂಪ, ರನ್ನರ ಮೇಲೆ ನೂರೊಂದನೆಯ ಕಿರುಪ್ರಬಂಧ ಬರೆಸುವ ಬದಲು ಪ್ರತಿವರ್ಷ ಹತ್ತು ವಿದ್ಯಾರ್ಥಿಗಳನ್ನಾದರೂ ವಡಗಾವಿ, ಶಹಾಪುರ, ಅನಗೋಳ, ಖಾನಾಪುರ, ನಂದಗಡಗಳ ಮನೆಗಳಿಗೆ ಕಳಿಸಬಹುದು. ದಿನಚರಿಯಿದ್ದರೆ ಅನುಮತಿ ಪಡೆದು ಪುಟಗಳ ಚಿತ್ರ ತೆಗೆಯಲಿ. ದಿನಚರಿ ಇಲ್ಲದ ತಾಯಂದಿರ ಮಾತನ್ನು ಅವರ ಆಡುಮಾತಿನಲ್ಲೇ ಧ್ವನಿಮುದ್ರಿಸಲಿ, ಗಂಡನು ಪಕ್ಕದಲ್ಲಿ ಕೂತು ತಿದ್ದದಂತೆ ನೋಡಿಕೊಳ್ಳಲಿ. ಕೇಳುವ ಪ್ರಶ್ನೆಗಳು ಸಣ್ಣವಾಗಿರಲಿ. ಅಲ್ಲಿ ಬೆಳಗ್ಗೆ ಎದ್ದ ಕೂಡಲೇ ಏನು ಮಾಡುತ್ತಿದ್ದಿರಿ, ಯಾವ ಕೋಣೆಯಲ್ಲಿ ಕೂತಿರುತ್ತಿದ್ದಿರಿ, ಮನೆಯ ಕೀಲಿ ನಿಮ್ಮ ಬಳಿ ಇತ್ತೇ, ಯಾವ ದಿನ ಹಿಂತಿರುಗಬೇಕೆನಿಸಿತು, ಹಿಂತಿರುಗಿ ಬಂದು ವಡಗಾವಿಯ ಮನೆಯ ಬಾಗಿಲು ತೆರೆದಾಗ ಮೊದಲು ಯಾವ ಸದ್ದು ಕೇಳಿಸಿತು.